ಬರೆಯೋರು ಬಂದು ಹೋದ್ರು, ಬರೆದದ್ದು ಎಲ್ಲಿದೆ? ಜನಗಣತಿಗೂ ಮುನ್ನ ಹಾಡಿಗಳ ಹೆಸರಿನ ಪ್ರಶ್ನೆ

ತೆರಕಣಾಂಬಿ: ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ಸು ಹತ್ತಿದರೆ ನಡುವೆ ಸಿಗೋ ಊರು ತೆರಕಣಾಂಬಿ. ಈಗ ಜನಕ್ಕೆ ಇದು ತರಕಾರಿ ಮಾರ್ಕೆಟ್ಟಿನ ಊರು, ಹೋಬಳಿ ಕೇಂದ್ರ. ಆದರೆ ಈ ಊರಿಗೆ ಹಳೇ ಹೆಸರಿದೆ. ವಿಜಯನಗರದ ಕಾಲದಲ್ಲಿ ತೆರಕಣಾಂಬಿ ಸೀಮೆ ಅಂತ ಒಂದು ಆಡಳಿತ ಪ್ರದೇಶವೇ ಇತ್ತು. ಊರಲ್ಲಿ ಕೋಟೆಯ ಗುರುತಿದೆ, ದೇವಸ್ಥಾನಗಳಿವೆ, ಪಕ್ಕದಲ್ಲೇ ತ್ರಿಯಂಬಕಪುರ ಇದೆ. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೇ ಸಂಪುಟದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳು ಅಚ್ಚಾಗಿವೆ. ಯಾರು ದಾನ ಕೊಟ್ಟರು, ಯಾವ ಹಳ್ಳಿ ಕೊಟ್ಟರು, ಯಾವ ದೇವರಿಗೆ ಕೊಟ್ಟರು ಅನ್ನೋದು ಕಲ್ಲಿನ ಮೇಲಿದೆ, ಪುಸ್ತಕದಲ್ಲೂ ಇದೆ.

ಅದೇ ತಾಲ್ಲೂಕಿನಲ್ಲಿ, ಬಂಡೀಪುರ ಕಾಡಿನ ಅಂಚಿನ ಹಾಡಿಗಳಲ್ಲಿರೋ ಜೇನು ಕುರುಬರು, ಬೆಟ್ಟ ಕುರುಬರು, ಸೋಲಿಗರಿಗೆ ಇಂಥ ಕಲ್ಲಿಲ್ಲ. ಅವರ ಹೆಸರಲ್ಲಿ ಯಾರೂ ದಾನಶಾಸನ ಹಾಕಿಸಲಿಲ್ಲ. ಅವರ ಬಗ್ಗೆ ಇರೋದೆಲ್ಲಾ ಎರಡೇ. ಒಂದು, ಅವರೇ ಹಾಡಿಕೊಂಡು ಬಂದ ಹಾಡು. ಇನ್ನೊಂದು, ಹೊರಗಿನಿಂದ ಬಂದವರು ಬರೆದುಕೊಂಡು ಹೋದ ಪುಸ್ತಕ, ವರದಿ.

ಹಾಡು ಹಾಡೋರಿಗೆ ಗೊತ್ತು. ಪುಸ್ತಕ, ವರದಿ ಎಲ್ಲಿದೆ ಅಂತ ಹಾಡಿಯಲ್ಲಿ ಯಾರಿಗೂ ಗೊತ್ತಿರಲ್ಲ. ಆದರೆ ಮಗುವಿನ ಹಾಸ್ಟೆಲ್ ಸೀಟು, ಜಮೀನಿನ ಹಕ್ಕುಪತ್ರ, ಸರ್ಕಾರಿ ಕೆಲಸದ ಸಿಂಧುತ್ವ ಪ್ರಮಾಣಪತ್ರ, ಇವೆಲ್ಲಾ ತೀರ್ಮಾನ ಆಗೋದು ಆ ವರದಿಯಲ್ಲಿ ಏನು ಬರೆದಿದೆ ಅನ್ನೋದರ ಮೇಲೆ. 2027ರ ಜನಗಣತಿ ಹತ್ತಿರ ಬರ್ತಿರೋ ಈ ಹೊತ್ತಲ್ಲಿ ಇದು ಬರೀ ಓದು ಬರಹದ ವಿಷಯ ಅಲ್ಲ.

ಏನಿದು ಕುಲಶಾಸ್ತ್ರೀಯ ಅಧ್ಯಯನ?

ಪೇಪರು ಓದೋರಿಗೆ ಈ ಪದ ಹೊಸದಲ್ಲ. ಯಾವುದಾದರೂ ಸಮುದಾಯ ಎಸ್‌ಟಿ ಪಟ್ಟಿಗೆ ಸೇರಿಸಿ ಅಂತ ಹೋರಾಟಕ್ಕೆ ಇಳಿದಾಗಲೆಲ್ಲಾ ಸರ್ಕಾರದಿಂದ ಬರೋ ಮೊದಲ ಉತ್ತರ 'ಕುಲಶಾಸ್ತ್ರೀಯ ಅಧ್ಯಯನ ಮಾಡಿಸ್ತೀವಿ'. ಕುರುಬ ಸಮುದಾಯದವರು 2021ರ ಜನವರಿಯಲ್ಲಿ ಕಾಗಿನೆಲೆಯಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಾಗಲೂ ಈ ಪದ ಕೇಳಿಬಂತು. ಕಾಡುಗೊಲ್ಲರ ಬೇಡಿಕೆಯಲ್ಲೂ ಇದೇ ಪದ.

ಅಧ್ಯಯನ ಅಂದರೆ ಇಷ್ಟು. ಸಂಶೋಧಕರ ತಂಡ ಆ ಸಮುದಾಯದ ಊರುಗಳಿಗೆ ಹೋಗಬೇಕು. ಹುಟ್ಟು, ಮದುವೆ, ಸಾವಿನ ಆಚರಣೆ ನೋಡಬೇಕು. ಕುಲ, ಬೆಡಗು, ದೇವರು, ಭಾಷೆ, ಆಹಾರ, ಕಸುಬು ಬರೆದುಕೊಳ್ಳಬೇಕು. ಹಳೇ ಗೆಜೆಟಿಯರ್, ಜನಗಣತಿ ವರದಿಗಳಲ್ಲಿ ಆ ಹೆಸರು ಹೇಗೆ ಬಂದಿದೆ ಅಂತ ತಾಳೆ ನೋಡಬೇಕು. ಕರ್ನಾಟಕದಲ್ಲಿ ಬುಡಕಟ್ಟು ಸಂಶೋಧನೆಗೆ ಅಂತಲೇ ಮೈಸೂರಿನಲ್ಲಿ ರಾಜ್ಯ ಸಂಸ್ಥೆ ಇದೆ. ಕೇಂದ್ರ ಸರ್ಕಾರದ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಭಾರತ ಕೇಂದ್ರ ಇರೋದೂ ಮೈಸೂರಿನಲ್ಲೇ.

ವರದಿ ಬಂದ ಮೇಲೂ ದಾರಿ ಉದ್ದ ಇದೆ. ರಾಜ್ಯ ಸರ್ಕಾರ ಶಿಫಾರಸು ಮಾಡಬೇಕು. ಅದು ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯಕ್ಕೆ ಹೋಗುತ್ತೆ. ಅಲ್ಲಿಂದ ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಗೆ, ಆಮೇಲೆ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೆ. ಇಬ್ಬರೂ ಒಪ್ಪಿದರೆ ಕೇಂದ್ರ ಸಂಪುಟ, ಕೊನೆಗೆ ಸಂಸತ್ತು. ಸಂವಿಧಾನದ 342ನೇ ವಿಧಿ ಪ್ರಕಾರ ಪಟ್ಟಿಗೆ ಒಂದು ಹೆಸರು ಸೇರಿಸೋದಕ್ಕೂ, ತೆಗೆಯೋದಕ್ಕೂ ಸಂಸತ್ತಿನ ಕಾನೂನೇ ಆಗಬೇಕು. ತಹಶೀಲ್ದಾರ್ ಕೈಯಲ್ಲೂ ಇಲ್ಲ, ಮುಖ್ಯಮಂತ್ರಿ ಕೈಯಲ್ಲೂ ಇಲ್ಲ.

ಒಂದು ಹೆಸರು ಬಿಟ್ಟುಹೋದದ್ದಕ್ಕೆ ದಶಕಗಳ ಕಾಯುವಿಕೆ

ಇದರ ಬಿಸಿ ಏನು ಅಂತ ತಿಳಿಯೋಕೆ ದೂರ ಹೋಗಬೇಕಿಲ್ಲ. ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆಯ ಬೆಟ್ಟ ಕುರುಬರ ಕಥೆಯೇ ಸಾಕು.

ರೈಸ್ ಬರೆದ ಹಳೇ ಮೈಸೂರು ಗೆಜೆಟಿಯರ್ ತೆಗೆದು ನೋಡಿದರೆ, ಕಾಡು ಕುರುಬರಲ್ಲಿ ಬೆಟ್ಟ ಕುರುಬ, ಜೇನು ಕುರುಬ ಅಂತ ಎರಡು ಪಂಗಡ ಇವೆ ಅಂತ ಹೇಳಿದೆ. ಅಂದರೆ ಕಾಡು ಕುರುಬ ಅನ್ನೋದು ದೊಡ್ಡ ಹೆಸರು, ಉಳಿದೆರಡು ಅದರ ಒಳಗಿನವು. ಸ್ವಾತಂತ್ರ್ಯ ಬಂದ ಮೇಲೆ ಎಸ್‌ಟಿ ಪಟ್ಟಿ ಮಾಡುವಾಗ ಕಾಡು ಕುರುಬ ಒಂದು ಸಾಲಿಗೆ ಹೋಯ್ತು, ಜೇನು ಕುರುಬ ಇನ್ನೊಂದು ಸಾಲಿಗೆ ಹೋಯ್ತು. ಬೆಟ್ಟ ಕುರುಬ ಅನ್ನೋ ಹೆಸರು ಎಲ್ಲೂ ಬರಲಿಲ್ಲ.

ಆದರೆ ಜನ ತಮ್ಮನ್ನು ಕರೆದುಕೊಳ್ಳೋದು ಬೆಟ್ಟ ಕುರುಬ ಅಂತಲೇ. ಶಾಲೆಗೆ ಮಗು ಸೇರಿಸುವಾಗ ಅಪ್ಪ ಹೇಳಿದ್ದನ್ನೇ ಮೇಷ್ಟ್ರು ಬರೆದುಕೊಂಡರು. ಟಿಸಿಯಲ್ಲಿ 'ಬೆಟ್ಟ ಕುರುಬ' ಅಂತ ಬಂತು. ಮುಂದೆ ಅದೇ ಹುಡುಗ ಎಸ್‌ಟಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ, ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಕಾಡಿನಲ್ಲಿ ಹುಟ್ಟಿ ಬೆಳೆದವರು ಕಾಗದದ ಮೇಲೆ ಬುಡಕಟ್ಟಿನವರೇ ಅಲ್ಲ ಅನ್ನೋ ಸ್ಥಿತಿ. ಒಂದೇ ಮನೆಯಲ್ಲಿ ಅಣ್ಣನ ದಾಖಲೆಯಲ್ಲಿ ಕಾಡು ಕುರುಬ, ತಮ್ಮನದರಲ್ಲಿ ಬೆಟ್ಟ ಕುರುಬ ಅಂತ ಬರೆದಿದ್ದರೆ ಒಬ್ಬನಿಗೆ ಸೌಲಭ್ಯ, ಇನ್ನೊಬ್ಬನಿಗೆ ಇಲ್ಲ.

ಇದು ಸರಿಹೋಗಿದ್ದು 2022ರ ಡಿಸೆಂಬರ್‌ನಲ್ಲಿ. ಕಾಡು ಕುರುಬದ ಪರ್ಯಾಯ ಹೆಸರಾಗಿ ಬೆಟ್ಟ ಕುರುಬವನ್ನು ಸೇರಿಸೋ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಈ ಸಮುದಾಯದ ಜನಸಂಖ್ಯೆ ಸುಮಾರು 5 ಸಾವಿರ ಅಂತ ಆಗ ಸದನದಲ್ಲಿ ಹೇಳಲಾಯ್ತು. 5 ಸಾವಿರ ಜನರ ಹೆಸರು ಸರಿ ಮಾಡೋಕೆ ದೆಹಲಿಯಲ್ಲಿ ಒಂದು ಕಾನೂನೇ ಆಗಬೇಕಾಯ್ತು. ಅಷ್ಟರಲ್ಲಿ ಎಷ್ಟು ಮಕ್ಕಳು ಅರ್ಧಕ್ಕೆ ಓದು ಬಿಟ್ಟರೋ ಲೆಕ್ಕ ಇಟ್ಟವರಿಲ್ಲ.

ಪರಿವಾರ ಸಮುದಾಯದ್ದೂ ಹೆಚ್ಚುಕಡಿಮೆ ಇದೇ ಕಥೆ. ನಾಯಕ, ಬೇಡ, ವಾಲ್ಮೀಕಿ ಹೆಸರುಗಳು 1991ರಲ್ಲಿ ಎಸ್‌ಟಿ ಪಟ್ಟಿಗೆ ಬಂದವು. ಮೈಸೂರು, ಚಾಮರಾಜನಗರ ಕಡೆ ಪರಿವಾರ ಅಂತ ಬರೆಸಿಕೊಂಡವರು ಹೊರಗೇ ಉಳಿದರು. ಪರಿವಾರ ಮತ್ತು ತಳವಾರ ಹೆಸರುಗಳು ನಾಯಕದ ಪರ್ಯಾಯವಾಗಿ ಸೇರಿದ್ದು 2020ರಲ್ಲಿ, ಬರೋಬ್ಬರಿ 29 ವರ್ಷದ ಮೇಲೆ.

ಒಂದೇ ಜನ, ಎರಡು ಸಾಲು

ಸೋಲಿಗರ ವಿಷಯದಲ್ಲಿ ಆಗಿರೋದು ಇದಕ್ಕೆ ತದ್ವಿರುದ್ಧ. ರಾಜ್ಯದ ಎಸ್‌ಟಿ ಪಟ್ಟಿಯಲ್ಲಿ 'ಸೋಲಿಗರು' ಅಂತ ಒಂದು ಸಾಲಿದೆ, 'ಶೋಲಗ' ಅಂತ ಬೇರೆಯೇ ಇನ್ನೊಂದು ಸಾಲಿದೆ. ಎರಡು ಬೇರೆ ಬೇರೆ ಬುಡಕಟ್ಟು ಇದ್ದಹಾಗೆ.

ಕಾರಣ ಬುಡಕಟ್ಟಲ್ಲ, ಗಡಿ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗುಂಡ್ಲುಪೇಟೆ, ಚಾಮರಾಜನಗರ, ಯಳಂದೂರು ಮೈಸೂರು ಮಹಾರಾಜರ ಸಂಸ್ಥಾನದಲ್ಲಿದ್ದವು. ಕಾಡು ಒಂದೇ, ಬೆಟ್ಟ ಒಂದೇ, ಜನ ಒಂದೇ. ಆದರೆ ಬರೆಯೋರು ಇಬ್ಬರು. ಮದರಾಸು ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ 1909ರಲ್ಲಿ ತಂದ ಏಳು ಸಂಪುಟಗಳಲ್ಲಿ ಇವರು 'ಶೋಲಗ' ಆದರು. ಮೈಸೂರು ಕಡೆಯ ಬರಹದಲ್ಲಿ 'ಸೋಲಿಗ' ಆಗಿ ಉಳಿದರು. ರಾಜ್ಯ ಒಂದಾದಾಗ ಎರಡೂ ಪಟ್ಟಿಗಳನ್ನು ಹೊಲಿದು ಒಂದು ಮಾಡಿದರು. ಹೊಲಿಗೆ ಗುರುತು ಇವತ್ತಿಗೂ ಹಾಗೇ ಇದೆ.

ಜನಗಣತಿಯಲ್ಲಿ ಇದರ ಪರಿಣಾಮ ಸರಳ. ಒಂದೇ ಸಮುದಾಯದ ತಲೆ ಎರಡು ಕಡೆ ಎಣಿಕೆ ಆಗುತ್ತೆ. ಜನಸಂಖ್ಯೆ ನೋಡಿ ಯೋಜನೆ ಮಾಡೋ ಅಧಿಕಾರಿ ಮುಂದೆ ಒಂದು ದೊಡ್ಡ ಸಂಖ್ಯೆ ಬರೋ ಬದಲು ಎರಡು ಸಣ್ಣ ಸಂಖ್ಯೆ ಬರುತ್ತೆ.

ಬಂದವರು ಏನು ನೋಡಿದ್ರು?

ಈ ಭಾಗದ ಕಾಡಿನ ಜನರ ಬಗ್ಗೆ ಬರೆಯೋದು 200 ವರ್ಷಕ್ಕೂ ಹಿಂದೆಯೇ ಶುರುವಾಗಿದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮಾರನೇ ವರ್ಷವೇ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನು ಮೈಸೂರು ಸೀಮೆಗೆ ಕಳಿಸಿತು. ಅವನ ಕೆಲಸ ಏನು ಬೆಳೀತಾರೆ, ಏನು ಸಿಗುತ್ತೆ, ಯಾವ ಜಾತಿ ಜನ ಇದ್ದಾರೆ ಅಂತ ಬರೆದು ಒಪ್ಪಿಸೋದು. ಕಾಡು ಕುರುಬರು, ಸೋಲಿಗರು ಅವನ ಪುಸ್ತಕದಲ್ಲಿ ಬರುತ್ತಾರೆ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಅಚ್ಚಾಯ್ತು. ಬರೆಸಿಕೊಂಡವರ ಮೊಮ್ಮಕ್ಕಳಿಗೂ ಅದು ಗೊತ್ತಾಗಲಿಲ್ಲ.

ಆಮೇಲೆ ಥರ್ಸ್ಟನ್. ಅವನು ಬರೆಯೋದರ ಜೊತೆಗೆ ಜನರ ತಲೆ, ಮೂಗು ಅಳತೆ ಮಾಡುತ್ತಿದ್ದ. ಮೂಗಿನ ಅಳತೆಯಿಂದ ಯಾರು ಯಾವ ಕುಲ ಅಂತ ಹೇಳಬಹುದು ಅನ್ನೋ ನಂಬಿಕೆ ಆ ಕಾಲದ ವಿಜ್ಞಾನಿಗಳಲ್ಲಿತ್ತು. ಆ ವಿಜ್ಞಾನ ಸತ್ತುಹೋಯ್ತು, ಆದರೆ ಅವನ ಪುಸ್ತಕವನ್ನು ಇವತ್ತಿಗೂ ಜಾತಿ ವಿಚಾರಣೆಗಳಲ್ಲಿ ಎತ್ತಿ ತೋರಿಸುತ್ತಾರೆ.

ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಹಿಡಿದವರು ಎಚ್.ವಿ. ನಂಜುಂಡಯ್ಯ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿ, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷ ಇವರೇ. 1920ರಲ್ಲಿ ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ, 1928ರಿಂದ 1935ರ ನಡುವೆ 'ಮೈಸೂರು ಟ್ರೈಬ್ಸ್ ಅಂಡ್ ಕಾಸ್ಟ್ಸ್' ನಾಲ್ಕು ಸಂಪುಟ ಹೊರಬಂದವು. ಸ್ವಾತಂತ್ರ್ಯದ ನಂತರ ದೊಡ್ಡ ಕೆಲಸ ಅಂದರೆ ಮಾನವಶಾಸ್ತ್ರ ಸರ್ವೇಕ್ಷಣೆ 1985ರಲ್ಲಿ ಶುರು ಮಾಡಿದ 'ಪೀಪಲ್ ಆಫ್ ಇಂಡಿಯಾ'. ಕೆ.ಎಸ್. ಸಿಂಗ್ ನೇತೃತ್ವದಲ್ಲಿ ದೇಶದ 4,635 ಸಮುದಾಯಗಳನ್ನು ಗುರುತಿಸಿದರು.

ಕೆಲಸ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವೆಲ್ಲಾ ಇಂಗ್ಲಿಷಿನಲ್ಲಿವೆ. ದಪ್ಪ ಪುಸ್ತಕಗಳು, ದೊಡ್ಡ ಗ್ರಂಥಾಲಯಗಳ ಬೀರುವಿನಲ್ಲಿವೆ. ಹಾಡಿಯ ಯಜಮಾನನ ಹತ್ತಿರ ಗಂಟೆಗಟ್ಟಲೆ ಕೂತು ಕೇಳಿಕೊಂಡು ಹೋದದ್ದರ ಒಂದು ಪ್ರತಿಯೂ ಹಾಡಿಗೆ ವಾಪಸ್ ಬರಲಿಲ್ಲ. ಅವರು ಹೇಳಿದ್ದೇ ಬರೆದರಾ, ತಪ್ಪು ಬರೆದರಾ ಅಂತ ನೋಡೋ ಅವಕಾಶವೂ ಸಿಗಲಿಲ್ಲ.

ಪ್ಯಾಂಟು ಹಾಕಿದ್ರೆ ಬುಡಕಟ್ಟಲ್ವಾ?

ಇನ್ನೂ ದೊಡ್ಡ ತೊಡಕು ಅಳತೆಗೋಲಿನದ್ದು. ಯಾರು ಎಸ್‌ಟಿ ಅಂತ ತೀರ್ಮಾನಿಸೋಕೆ ಇವತ್ತಿಗೂ ಬಳಸೋದು 1965ರ ಲೋಕೂರ್ ಸಮಿತಿ ಹೇಳಿದ ಐದು ಲಕ್ಷಣ. ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಪ್ರತ್ಯೇಕವಾಗಿ ದೂರದಲ್ಲಿ ವಾಸ, ಹೊರಗಿನವರ ಜೊತೆ ಬೆರೆಯೋಕೆ ಸಂಕೋಚ, ಹಿಂದುಳಿದಿರುವಿಕೆ.

60 ವರ್ಷದಲ್ಲಿ ಏನೇನು ಬದಲಾಗಿದೆ ನೋಡಿ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಕಾಡಿನೊಳಗಿದ್ದವರು ಅಂಚಿಗೆ ಬಂದರು. ಕೂಲಿಗೆ ಹೋಗ್ತಾರೆ, ಶುಂಠಿ ಕೆಲಸಕ್ಕೆ ಕೊಡಗು, ಕೇರಳಕ್ಕೆ ಹೋಗ್ತಾರೆ. ಮಕ್ಕಳು ಆಶ್ರಮ ಶಾಲೆಗೆ ಹೋಗ್ತಾರೆ, ಕೈಯಲ್ಲಿ ಮೊಬೈಲ್ ಇದೆ. ದೂರದಲ್ಲಿ ವಾಸ ಅನ್ನೋದನ್ನು ಕಾಡಿನಿಂದ ಹೊರಗೆ ಕಳಿಸಿ ಸರ್ಕಾರವೇ ತೆಗೆದುಹಾಕಿದೆ. ಸಂಕೋಚ ಬಿಡಿ ಅಂತ ಶಾಲೆಗೆ ಕಳಿಸಿದ್ದೂ ಸರ್ಕಾರವೇ. ಆಮೇಲೆ ಪ್ರಮಾಣಪತ್ರ ಕೇಳಿದಾಗ 'ನಿಮ್ಮಲ್ಲಿ ಬುಡಕಟ್ಟು ಲಕ್ಷಣ ಕಾಣ್ತಿಲ್ಲವಲ್ಲ' ಅಂದರೆ ಆ ಹುಡುಗ ಏನು ಉತ್ತರ ಕೊಡಬೇಕು?

ಅಧಿಕಾರಿಗಳ ಕಡೆಯೂ ಒಂದು ಮಾತಿದೆ, ಅದನ್ನೂ ಕೇಳಬೇಕು. ಸುಳ್ಳು ಎಸ್‌ಟಿ ಪ್ರಮಾಣಪತ್ರ ಮಾಡಿಸಿಕೊಂಡು ಕೆಲಸ ಗಿಟ್ಟಿಸಿದ ಪ್ರಕರಣಗಳು ರಾಜ್ಯದಲ್ಲಿ ಕಡಿಮೆಯೇನಿಲ್ಲ. ಅದಕ್ಕೇ ಜಿಲ್ಲಾ ಜಾತಿ ಪರಿಶೀಲನಾ ಸಮಿತಿ ಇದೆ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ. ಒಂದೇ ಹೆಸರನ್ನು ಬೇರೆ ಬೇರೆ ಕಡೆ ಬೇರೆ ಬೇರೆ ಜನ ಬಳಸ್ತಾರೆ. ಕುರುಬ ಅನ್ನೋ ಪದವೇ ಸಾಕ್ಷಿ. ಕುರಿ ಸಾಕೋ ಕುರುಬ ಸಮುದಾಯ ರಾಜ್ಯದಲ್ಲಿ ಪ್ರವರ್ಗ 2ಎಯಲ್ಲಿದೆ. ಜೇನು ಕುರುಬ, ಕಾಡು ಕುರುಬ, ಬೆಟ್ಟ ಕುರುಬ ಎಸ್‌ಟಿ. ಸರಿಯಾದ ಅಧ್ಯಯನ ಇಲ್ಲದೆ ಬರೀ ಹೆಸರು ನೋಡಿ ಪ್ರಮಾಣಪತ್ರ ಕೊಟ್ಟರೆ ನಿಜವಾದವರ ಪಾಲು ಬೇರೆಯವರು ತಿನ್ನುತ್ತಾರೆ.

ಪಾಲಿನ ಲೆಕ್ಕವೂ ಸಣ್ಣದಲ್ಲ. 2011ರ ಗಣತಿ ಪ್ರಕಾರ ರಾಜ್ಯದಲ್ಲಿ ಎಸ್‌ಟಿ ಜನಸಂಖ್ಯೆ 42 ಲಕ್ಷಕ್ಕೂ ಹೆಚ್ಚು, ಅಂದರೆ ಶೇ. 6.95. ಮೀಸಲಾತಿಯನ್ನು ಶೇ. 3ರಿಂದ ಶೇ. 7ಕ್ಕೆ ಏರಿಸಿದ್ದು 2022ರಲ್ಲಿ. ಹೊಸದಾಗಿ ದೊಡ್ಡ ಸಮುದಾಯಗಳು ಬಂದರೆ ಈಗಾಗಲೇ ಇರೋ ಸಣ್ಣ ಬುಡಕಟ್ಟುಗಳಿಗೆ ಸಿಗೋದು ಏನು ಅನ್ನೋ ಭಯ ಹಾಡಿಗಳಲ್ಲಿದೆ. ಜೇನು ಕುರುಬರು ರಾಜ್ಯದಲ್ಲಿ ಸುಮಾರು 36 ಸಾವಿರ. ಕೊರಗರ ಜೊತೆ ಕರ್ನಾಟಕದ ಎರಡು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಇವರೂ ಒಬ್ಬರು. 2023ರ ನವೆಂಬರ್‌ನಲ್ಲಿ ಶುರುವಾದ ಪಿಎಂ ಜನ್‌ಮನ್ ಯೋಜನೆಯ ಮನೆ, ರಸ್ತೆ, ಕರೆಂಟು ಇಂಥವರಿಗೇ. ಅಲ್ಲೂ ಮೊದಲ ಪ್ರಶ್ನೆ ಯಾವ ಬುಡಕಟ್ಟು ಅಂತಲೇ.

ಬಿಳಿಗಿರಿಯಲ್ಲಿ ಬೇರೆ ದಾರಿ

ಸಂಶೋಧನೆ ಅಂದರೆ ಬರೀ ಹೊರಗಿನವರು ಬಂದು ಕೇಳಿಕೊಂಡು ಹೋಗೋದು ಅಂತೇನಿಲ್ಲ. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಬೇರೆ ರೀತಿ ನಡೆದಿದೆ.

1974ರಲ್ಲಿ ಬಿಳಿಗಿರಿ ವನ್ಯಧಾಮ ಆಯ್ತು. ಬೇಟೆ, ಕಾಡು ಕಡಿದು ಮಾಡೋ ಬೇಸಾಯ ನಿಂತಿತು. 2006ರ ಹೊತ್ತಿಗೆ ಜೇನು, ನೆಲ್ಲಿಕಾಯಿ, ಪಾಸೆ ತಂದು ಮಾರೋದಕ್ಕೂ ತಡೆ ಬಂತು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯ್ತು. ಸೋಲಿಗರಿಗೆ ಕಾಡೇ ಕೈತಪ್ಪೋ ಹಾಗಾಯ್ತು.

ಆ ಹೊತ್ತಲ್ಲಿ ಉಪಯೋಗಕ್ಕೆ ಬಂದದ್ದು ಸಂಶೋಧನೆ. ಬೆಟ್ಟದಲ್ಲಿ ಕೇಂದ್ರ ಇಟ್ಟುಕೊಂಡಿರೋ ಏಟ್ರಿ ಸಂಸ್ಥೆಯವರು ಪೋಡುಗಳ ಹಿರಿಯರನ್ನೇ ಮುಂದೆ ಬಿಟ್ಟುಕೊಂಡು ಕಾಡಿನೊಳಗೆ ನಡೆದರು. ಪ್ರತಿ ಕುಲಕ್ಕೂ ಒಂದು ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಪೂಜೆಯ ಜಾಗಗಳಿವೆ. ಇಂಥ ನೂರಾರು ಜಾಗಗಳನ್ನು ಜಿಪಿಎಸ್ ಹಿಡಿದು ನಕ್ಷೆಗೆ ಏರಿಸಿದರು. ಸೋಲಿಗರು ಆ ಕಾಡಿನಲ್ಲಿ ತಲೆಮಾರಿನಿಂದ ಇದ್ದಾರೆ ಅನ್ನೋದಕ್ಕೆ ನಕ್ಷೆಯೇ ಸಾಕ್ಷಿಯಾಯ್ತು. 2011ರ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಆ ಕೆಲಸದಲ್ಲಿ ಇದ್ದವರಲ್ಲಿ ಒಬ್ಬರು ಸಿ. ಮಾದೇಗೌಡ. ಸೋಲಿಗ ಸಮುದಾಯದಿಂದ ಪಿಎಚ್‌ಡಿ ಪಡೆದ ಮೊದಲಿಗರು. ಪ್ರಶ್ನೆ ಕೇಳಿಸಿಕೊಳ್ಳೋ ಕಡೆ ಹುಟ್ಟಿದವರು ಪ್ರಶ್ನೆ ಕೇಳೋ ಕಡೆ ಬಂದಾಗ ಪ್ರಶ್ನೆಯೇ ಬೇರೆಯಾಗುತ್ತೆ. ಹೊರಗಿನವರು ಕಾಡಿಗೆ ಬೆಂಕಿ ಅಂದರೆ ಅನಾಹುತ ಅಂತ ಬರೆದರು. ಸೋಲಿಗರು ಹಿಂದೆ ಬೇಸಿಗೆ ಮುಂಚೆಯೇ ಹಾಕುತ್ತಿದ್ದ ಸಣ್ಣ ತರಗು ಬೆಂಕಿ ಕಳೆ ಬೆಳೆಯದಹಾಗೆ ತಡೆಯುತ್ತಿತ್ತು ಅಂತ ಸಮುದಾಯದ ಹಿರಿಯರು ಹೇಳುತ್ತಾ ಬಂದಿದ್ದರು. ಬೆಂಕಿ ನಿಂತ ಮೇಲೆ ಲಂಟಾನ ಎಷ್ಟು ಹರಡಿತು ಅಂತ ಅಳೆದು ನೋಡಿದರೆ, 1997ರಿಂದ 2008ರ ನಡುವೆ ಹತ್ತಿರ ಹತ್ತಿರ ಎರಡು ಪಟ್ಟು. ಬೆಂಕಿ ಒಂದೇ ಕಾರಣವಾ ಅನ್ನೋದು ಚರ್ಚೆಯಲ್ಲಿದೆ. ಆದರೆ ಹಿರಿಯರ ಮಾತನ್ನು ಪರೀಕ್ಷೆ ಮಾಡಿ ನೋಡಬೇಕಾದ ಮಾತು ಅಂತ ಒಪ್ಪಿಕೊಂಡಿದ್ದೇ ದೊಡ್ಡ ಬದಲಾವಣೆ. ಈ ಬೆಟ್ಟದಲ್ಲಿ ಸಿಕ್ಕ ಹೊಸ ಜಾತಿಯ ಕಣಜಕ್ಕೆ ವಿಜ್ಞಾನಿಗಳು 'ಸೋಲಿಗ' ಅಂತಲೇ ಹೆಸರಿಟ್ಟರು.

ಅರಣ್ಯ ಹಕ್ಕು ನಿಯಮಗಳಲ್ಲಿ 13ನೇ ನಿಯಮ ಅಂತ ಒಂದಿದೆ. ಹಕ್ಕು ಕೇಳೋಕೆ ಯಾವ ಸಾಕ್ಷಿ ನಡೆಯುತ್ತೆ ಅಂತ ಅದು ಹೇಳುತ್ತೆ. ಹಿರಿಯರ ಹೇಳಿಕೆ, ಸ್ಮಶಾನ, ಪೂಜೆಯ ಜಾಗದ ಜೊತೆಗೆ ಮಾನವಶಾಸ್ತ್ರ ಸರ್ವೇಕ್ಷಣೆಯಂಥ ಸಂಸ್ಥೆಗಳ ಸಂಶೋಧನಾ ವರದಿಯೂ ಸಾಕ್ಷಿಯೇ. ಅಂದರೆ ಮೈಸೂರಿನ ಯಾವುದೋ ಕಪಾಟಿನಲ್ಲಿರೋ ಹಳೇ ವರದಿ ಗುಂಡ್ಲುಪೇಟೆ ಹಾಡಿಯವರ ಅರ್ಜಿಗೆ ಪುರಾವೆ ಆಗಬಹುದು. ಅದು ಇದೆ ಅಂತ ಗೊತ್ತಿದ್ದರೆ ತಾನೆ?

ಹಾಡೂ ದಾಖಲೆಯೇ

ಇನ್ನೊಂದು ದಾಖಲೆ ಜನರ ಬಾಯಲ್ಲೇ ಇದೆ. ಮಲೆ ಮಾದೇಶ್ವರನ ಕಥೆಯಲ್ಲಿ ಸೋಲಿಗರ ನೀಲೇಗೌಡ, ಸಂಕಮ್ಮ ಬರುತ್ತಾರೆ. ಜೇನು, ಬೇಟೆ, ಅಣ್ಣತಮ್ಮಂದಿರ ಜಗಳ, ಹೆಣ್ಣಿನ ಕಷ್ಟ ಎಲ್ಲಾ ಅದರಲ್ಲಿದೆ. ಬಿಳಿಗಿರಿರಂಗ ಸೋಲಿಗರ ಕುಸುಮಾಲೆಯನ್ನು ಮದುವೆಯಾದ, ಅದಕ್ಕೇ ಸೋಲಿಗರಿಗೆ ರಂಗ ಭಾವ. ಮಂಟೇಸ್ವಾಮಿ ಕಥೆಯನ್ನು ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಯಾವ ಸಮುದಾಯ ಯಾವ ಸಮುದಾಯದ ಜೊತೆ ಉಂಡಿತು, ಹೆಣ್ಣು ಕೊಟ್ಟಿತು, ಜಗಳ ಆಡಿತು ಅನ್ನೋ ಚರಿತ್ರೆ ಈ ಹಾಡುಗಳಲ್ಲಿದೆ.

ಇದನ್ನು ಕನ್ನಡದವರೇ ಗಂಭೀರವಾಗಿ ತಗೊಂಡಿದ್ದಾರೆ. ಪಿ.ಕೆ. ರಾಜಶೇಖರ 1970ರ ದಶಕದಲ್ಲೇ ಮಲೆ ಮಾದೇಶ್ವರ ಕಾವ್ಯ ಸಂಗ್ರಹಿಸಿ ಅಚ್ಚು ಹಾಕಿಸಿದರು. ಹೆಬ್ಬಣಿ ಮಾದಯ್ಯ ಮತ್ತು ತಂಡ ಹಾಡಿದ ಪಾಠ ಇಂಗ್ಲಿಷಿಗೂ ಹೋಗಿ ಸಾಹಿತ್ಯ ಅಕಾಡೆಮಿಯಿಂದ ಬಂತು. ಇಲ್ಲಿ ಹಾಡಿದವರ ಹೆಸರು ಪುಸ್ತಕದಲ್ಲಿದೆ. ಕುಲಶಾಸ್ತ್ರೀಯ ವರದಿಗಳಲ್ಲಿ ಹೇಳಿದವರ ಹೆಸರು ಹುಡುಕಿದರೂ ಸಿಗೋದು ಅಪರೂಪ.

ಗಣತಿದಾರ ಬಂದಾಗ

2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ 60 ಪ್ರಶ್ನೆ ಹಿಡಿದು ಮನೆಮನೆ ಸಮೀಕ್ಷೆ ಮಾಡಿತು. ಅದರಲ್ಲಿ ಭಾಗವಹಿಸೋದು ಜನರ ಇಷ್ಟ ಅಂತ ಹೈಕೋರ್ಟ್ ಹೇಳಿತ್ತು. ಈಗ ಬರ್ತಿರೋದು ಕೇಂದ್ರದ ಜನಗಣತಿ. 1931ರ ನಂತರ ಮೊದಲ ಬಾರಿಗೆ ಎಲ್ಲಾ ಜಾತಿಗಳ ಎಣಿಕೆ. ಜನರ ಲೆಕ್ಕ 2027ರ ಫೆಬ್ರವರಿಯಲ್ಲಿ, ಮಾರ್ಚ್ 1 ಲೆಕ್ಕದ ದಿನ. ಬರೆಯೋದು ಮೊಬೈಲ್ ಆ್ಯಪ್‌ನಲ್ಲಿ.

ಹಾಡಿಯಲ್ಲಿ ಏನಾಗಬಹುದು ಅಂತ ಯೋಚನೆ ಮಾಡಿ. ಗಣತಿದಾರರು ಜಾತಿ ಕೇಳ್ತಾರೆ. ಮನೆಯವರು 'ಕುರುಬ್ರು ಸಾ' ಅಂತಾರೆ. ಬರೆಯೋರು ಬೇರೆ ಊರಿನವರಾದರೆ 'ಕುರುಬ' ಅಂತ ಒತ್ತಿಬಿಡ್ತಾರೆ. ಅಷ್ಟೇ. ಒಂದು ಎಸ್‌ಟಿ ಕುಟುಂಬ ಲೆಕ್ಕದಲ್ಲಿ 2ಎಗೆ ಹೋಯ್ತು. ಯಾರದ್ದೂ ಕೆಟ್ಟ ಉದ್ದೇಶ ಇಲ್ಲ, ಆದರೆ ಮುಂದಿನ ಹತ್ತು ವರ್ಷ ಆ ಹಾಡಿಯ ಅಂಗನವಾಡಿ, ರಸ್ತೆ, ಅನುದಾನ ಎಲ್ಲಾ ಆ ಲೆಕ್ಕದ ಮೇಲೇ.

ಅದಕ್ಕೆ ಈಗಲೇ ಮಾಡಬಹುದಾದ ಕೆಲಸಗಳಿವೆ. ದುಡ್ಡೇನೂ ಬೇಕಿಲ್ಲ.

ಮನೆಯವರು ಪೂರ್ತಿ ಹೆಸರು ಹೇಳಬೇಕು. ಬರೀ ಕುರುಬ ಅನ್ನದೆ ಜೇನು ಕುರುಬ, ಕಾಡು ಕುರುಬ, ಬೆಟ್ಟ ಕುರುಬ ಅಂತ ಬಿಡಿಸಿ ಹೇಳಬೇಕು. ಮೊಬೈಲಿನಲ್ಲಿ ಏನು ಬರೆದರು ಅಂತ ಓದಿ ಹೇಳಿ ಅಂತ ಕೇಳಬೇಕು. ಓದು ಬಲ್ಲ ಹುಡುಗರು ಆ ದಿನ ಹಾಡಿಯಲ್ಲೇ ಇದ್ದರೆ ಇನ್ನೂ ಒಳ್ಳೇದು. ಸೋಲಿಗರು ಊರಿಗೆಲ್ಲಾ ಒಂದೇ ಹೆಸರು ಬರೆಸಬೇಕು, ಅರ್ಧ ಜನ ಸೋಲಿಗ, ಅರ್ಧ ಜನ ಶೋಲಗ ಅಂತ ಆಗಬಾರದು.

ಗಣತಿಗೆ ಹೋಗೋ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆಯರಿಗೆ ಚಾಮರಾಜನಗರ ಜಿಲ್ಲೆಗೆ ಅಂತಲೇ ಒಂದು ಪುಟದ ಟಿಪ್ಪಣಿ ಬೇಕು. ಯಾವ ಯಾವ ಬುಡಕಟ್ಟು, ಜನ ಬಾಯಲ್ಲಿ ಏನಂತಾರೆ, ಪಟ್ಟಿಯಲ್ಲಿ ಹೇಗಿದೆ, ಅಷ್ಟೇ. ಹಾಡಿಯ ಯಜಮಾನರನ್ನು ಕೂರಿಸಿಕೊಂಡು ಒಂದು ದಿನದಲ್ಲಿ ಮಾಡಬಹುದು.

ಇನ್ನು ದೊಡ್ಡ ಕೆಲಸ ವರದಿಗಳದ್ದು. ಸರ್ಕಾರದ ದುಡ್ಡಲ್ಲಿ ಆದ ಕುಲಶಾಸ್ತ್ರೀಯ ಅಧ್ಯಯನದ ವರದಿ ಕನ್ನಡದಲ್ಲಿ ಸಿಗಬೇಕು. ಆ ಸಮುದಾಯದ ಊರುಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ಬರಬೇಕು. ತೆರಕಣಾಂಬಿಯ ಹುಡುಗನೊಬ್ಬ ಊರಿನ ಶಾಸನ ಓದಬೇಕು ಅಂದರೆ ಪುಸ್ತಕ ಹುಡುಕಿ ಓದಬಹುದು. ಮದ್ದೂರು, ಮಂಗಲ ಕಡೆಯ ಹಾಡಿಯ ಹುಡುಗಿಗೂ ತನ್ನ ಅಜ್ಜ ಯಾರಿಗೋ ಹೇಳಿದ ಮಾತು ಓದೋ ಅವಕಾಶ ಅಷ್ಟೇ ಸುಲಭವಾಗಿ ಸಿಗಬೇಕು. ತಪ್ಪಿದ್ದರೆ ತಪ್ಪು ಅಂತ ಬರೆದು ಕಳಿಸೋ ವಿಳಾಸವೂ ಆ ಪುಸ್ತಕದ ಹಿಂದೆ ಇರಬೇಕು.

ಮುಂದಿನ ತಂಡ ಬಂದಾಗ ಅದರಲ್ಲಿ ಹಾಡಿಯ ಓದಿದ ಹುಡುಗ ಹುಡುಗಿಯರು ಇರಬೇಕು, ದಾರಿ ತೋರಿಸೋ ಕೂಲಿಗಳಾಗಿ ಅಲ್ಲ, ಬರೆಯೋರಾಗಿ. ಬಿಳಿಗಿರಿಯಲ್ಲಿ ಅದು ಆಗಿದೆ. ಅಲ್ಲಿಂದ ಗುಂಡ್ಲುಪೇಟೆಗೆ ಒಂದು ಬಸ್ಸಿನ ದಾರಿ.